ಅರವತ್ತು ಮೀಟರ್ ಎತ್ತರದ ಮುಖ

ಮನೆಯಿಂದ, ಹಿಂದಿನ ಬಾಲ್ಕನಿ
ಭಾನುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಏಳೂವರೆ

ಪ್ರೀತಿಯ ಮಗನೇ, ಕಡಲ ಮೇಲಿನ ಯಂತ್ರಗಳಿಗೆಲ್ಲ ಎಣ್ಣೆಯುಣಿಸುವ ನನ್ನ ವೀರನೇ,

ಹೇಗಿದ್ದೀಯಪ್ಪಾ? ಸೊಂಟದ ನೋವು ಇಳಿಯಿತೋ, ಇಲ್ಲಾ ಬಾಗಿದವನು ಬಾಗಿದ ಹಾಗೆಯೇ ಇದ್ದೀಯೋ? ಎಂಜಿನ್ ಕೋಣೆಯ ಸೆಕೆಗೆ ಹೊತ್ತುಹೊತ್ತಿಗೆ ನೀರು ಕುಡಿ. ಕಿವಿಗೆ ಮುಚ್ಚಳ ಹಾಕಿಕೊಳ್ಳದೆ ಯಂತ್ರದ ಹತ್ತಿರ ಸುಳಿಯಬೇಡ. 'ನಿಮ್ಮ ಗಂಟಲಿನ ಪಕ್ಕದಲ್ಲಿ ಬೆಳೆದವನ ಕಿವಿಯನ್ನು ಇನ್ನು ಯಾವ ಯಂತ್ರ ಏನು ಮಾಡೀತು' ಎಂದು ನಿನ್ನ ಅಮ್ಮ ನನ್ನ ಹೆಗಲ ಮೇಲಿಂದ ಇಣುಕಿ ಗೊಣಗುತ್ತಿದ್ದಾಳೆ. ಅದನ್ನೂ ಬರೀರಿ ಎನ್ನುತ್ತಿದ್ದಾಳೆ, ಬರೆದಿದ್ದೇನೆ. ನಲವತ್ತು ವರ್ಷ ನಾಟಕ ಕಂಪನಿಯ ಪಕ್ಕದ ಪರದೆಯ ಹಿಂದೆ ಕೂತು, ವೇಷ ಕಟ್ಟಿ ನಿಂತ ನನಗೆ ಮರೆತ ಮಾತು ಎತ್ತಿಕೊಟ್ಟವಳು, ಈಗ ಕಾಗದಕ್ಕೂ ಎತ್ತಿಕೊಡುತ್ತಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೆ. ನಿನ್ನ ಹೆಂಡತಿಯೂ ಕ್ಷೇಮ. ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತಾಳೆ, ಏಳಕ್ಕೆ ಆಕಾಶದಲ್ಲಿರುತ್ತಾಳೆ. ಅಲ್ಲಿಂದಲೇ ಈ ಪತ್ರದ ಕಥೆ ಶುರು. ಪರದೆ ಮೇಲೇಳಲಿ!

ನಿನ್ನ ಕಾಗದ ಬಂದು ಇಂದಿಗೆ ಹತ್ತು ದಿನ. ಅವಳು ಕೂರುವ ಕ್ರೇನು ಅರವತ್ತು ಮೀಟರ್ ಎತ್ತರದ್ದು, ಕಂಪನಿಯವರು ಮುಂದಿನ ಕಟ್ಟಡಕ್ಕೆ ಕೊಡುತ್ತೇವೆ ಎನ್ನುತ್ತಿರುವುದು ನೂರಿಪ್ಪತ್ತು ಮೀಟರಿನದು, ಮೂವತ್ತನೇ ತಾರೀಖಿನೊಳಗೆ ಅವಳು ಒಪ್ಪಿ ರುಜು ಹಾಕಬೇಕು ಎಂಬ ಸುದ್ದಿ ಕೇಳಿ ನಿನಗೆ ಊಟ ಸೇರುತ್ತಿಲ್ಲ ಎಂದು ಬರೆದಿದ್ದೆ. ನನ್ನಿಂದ ಎರಡು ಕೆಲಸ ಕೇಳಿದ್ದೆ. ಒಂದು, ಅವಳು ಮೇಲೆ ಕೂತಿರುವಾಗ ಮುಖ ಸ್ಪಷ್ಟವಾಗಿ ಕಾಣುವಂಥ ಒಂದು ಫೋಟೋ. ಎರಡು, 'ಅಪ್ಪಾ, ನೀನು ಹೇಳಿದ್ರೆ ಅವಳು ಕೇಳ್ತಾಳೆ, ಬೇಡ ಅಂತ ಹೇಳಿ ಕೆಳಗಿಳಿಸು' ಎಂಬ ಮಾತು. ನಾನೋ, ನಿನ್ನ ಅಕ್ಷರ ಕಂಡರೆ ಕರಗುವವನು. ಹಿಂದುಮುಂದು ನೋಡದೆ ಎರಡಕ್ಕೂ 'ಆಗಲಿ' ಎಂದು ನಿನ್ನ ಹಡಗು ಕಂಪನಿಯ ಕಚೇರಿಯ ಮೂಲಕ ಒಂದು ಸಾಲು ಕಳಿಸಿಬಿಟ್ಟೆ. ಎರಡನೆಯದನ್ನು ಆಮೇಲೆ ಹೇಳುತ್ತೇನೆ. ಮೊದಲು ಫೋಟೋದ ಸಂಗತಿ ಕೇಳು. ಏಕೆಂದರೆ ಫೋಟೋ ತೆಗೆಯುತ್ತೇನೆಂದು ತಿಳಿಸಿದಾಗ ಅವಳು ಪಾತ್ರೆ ತೊಳೆಯುತ್ತಿದ್ದವಳು ಹಿಂತಿರುಗಿ ನೋಡದೆ ಅಂದದ್ದಿಷ್ಟು: 'ತೆಗೀರಿ ಮಾವ. ಅವರು ನೋಡ್ಲಿ. ನೋಡಿದ ಮೇಲೂ ಬೇಡ ಅಂದ್ರೆ ಕೂತು ಮಾತಾಡೋಣ. ನೋಡದೇ ಬೇಡ ಅಂದ್ರೆ ಮಾತ್ರ ನನ್ನ ಕಿವಿಗೆ ಬೀಳೋದಿಲ್ಲ.' ಕೇಳಿದೆಯಾ? ಹೀಗೆ ಒಂದು ಸಾಬೂನು ಪೆಟ್ಟಿಗೆಯಷ್ಟಿರುವ ಕ್ಯಾಮೆರಾದ ಮೇಲೆ ನಿಮ್ಮಿಬ್ಬರ ಮುಂದಿನ ವರ್ಷಗಳು ಬಂದು ಕೂತವು. ನಿನ್ನ ಹಡಗು ಇಪ್ಪತ್ತೆರಡಕ್ಕೆ ಬಂದರು ಮುಟ್ಟುತ್ತದೆ, ಅಲ್ಲಿಗೆ ತಲುಪಬೇಕಾದರೆ ಟಪಾಲು ನಾಳೆ ಸೋಮವಾರ ಕಚೇರಿ ಸೇರಬೇಕು. ಮಸುಕು ಫೋಟೋ ಕಳಿಸಿದರೆ ನೋಡಿದ ಹಾಗೂ ಅಲ್ಲ, ನೋಡದ ಹಾಗೂ ಅಲ್ಲ!

ಮೊದಲ ಅಂಕ ನಮ್ಮ ಬಾಲ್ಕನಿಯಲ್ಲೇ ನಡೆಯಿತು. ನೀನು ಬೀರುವಿನಲ್ಲಿ ಬಿಟ್ಟುಹೋದ ಕ್ಯಾಮೆರಾ ತೆಗೆದೆ. ಸಂಜೆ, ಇನ್ನೇನು ಅವಳು ಇಳಿಯುವ ಹೊತ್ತು. ಮೇಲೆ ಹಳದಿ ಕ್ರೇನು, ಅದರ ಕೊರಳಿನ ಹತ್ತಿರ ಬೆಂಕಿಪೊಟ್ಟಣದಷ್ಟು ಕ್ಯಾಬಿನ್ನು. ಜೂಮ್ ಗುಂಡಿಯನ್ನು ಒತ್ತಿದೆ ನೋಡು, ಕ್ಯಾಮೆರಾದ ಮೂತಿ ಜರ್ರನೆ ಮುಂದೆ ಬಂತು! ಕ್ರೇನು ಕಣ್ಣೆದುರಿಗೆ ಹಾರಿ ಬಂತು! ಇನ್ನೂ ಒತ್ತಿದೆ, ಇನ್ನೂ ಬಂತು. ಒಂದು ಕೈಯಲ್ಲಿ ಕ್ಯಾಮೆರಾ ಮುಂದೆ ಚಾಚಿ, ಇನ್ನೊಂದು ಕೈಯನ್ನು ಸೊಂಟಕ್ಕಿಟ್ಟು, ಸೇನಾಪತಿ ದೂರದ ಕೋಟೆಯನ್ನು ದಿಟ್ಟಿಸುವ ಭಂಗಿಯಲ್ಲಿ ಟಕಟಕನೆ ನಲವತ್ಮೂರು ಫೋಟೋ ಹೊಡೆದೆ. ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಕೈ ಮೂಡಿ ನಡುಗುತ್ತಿತ್ತು. ಮೆಚ್ಚಿ ಚಪ್ಪಾಳೆ ತಟ್ಟುತ್ತಿದೆ ಎಂದುಕೊಂಡೆ. ಮಾರನೆಯ ದಿನ ನಿನ್ನ ಅಮ್ಮ ಕನ್ನಡಕ ಏರಿಸಿ ನಲವತ್ಮೂರನ್ನೂ ನೋಡಿ, 'ರೀ, ಇದರಲ್ಲಿ ಸೊಸೆ ಯಾವ್ದು, ಮೋಡ ಯಾವ್ದು?' ಎಂದಳು.

ಮೂಲೆಯ ಫೋಟೋ ಸ್ಟುಡಿಯೋದ ಯಜಮಾನಿಯ ಹತ್ತಿರ ಓಡಿದೆ. ಮೂವತ್ತು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ತೆಗೆದು ತೆಗೆದು ಮನುಷ್ಯರು ಅಲುಗುವುದನ್ನೇ ಸಹಿಸದ ಹೆಂಗಸು. ನನ್ನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಾಕಿ, 'ಹಳದಿ ದೆವ್ವಗಳು ಚೆನ್ನಾಗಿ ಬಂದಿವೆ' ಎಂದಳು. ಕ್ಯಾಮೆರಾ ಕೆಟ್ಟಿದೆಯಮ್ಮಾ ಎಂದೆ. 'ಕ್ಯಾಮೆರಾ ಪಾಪ ಕೈ ತೋರಿಸಿ ಬೇಡಿಕೊಂಡಿದೆ ಸಾರ್. ಆ ಕೆಂಪು ಕೈ ನಿಮ್ಮದೇ. ಅಲುಗ್ತಿದ್ದೀರಿ ಅಂತ ಹೇಳ್ತಿತ್ತು' ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ರಾಜನಾಗಿ ಖಡ್ಗ ಎತ್ತಿದ ಕೈ, ರಾಕ್ಷಸನಾಗಿ ಗದೆ ತಿರುಗಿಸಿದ ಕೈ, ಅದನ್ನು ಒಂದು ಸಾಬೂನು ಪೆಟ್ಟಿಗೆ ನಡುಗುತ್ತಿದೆ ಎನ್ನುವುದೇ! ಆದರೆ ಆಕೆ ಮುಂದೆ ಹೇಳಿದ್ದು ಕೇಳಿ ಮೈ ಜುಮ್ಮೆಂದಿತು ಕಣಪ್ಪಾ. 'ಜೂಮು ದೂರದ ಮುಖವನ್ನಷ್ಟೇ ದೊಡ್ಡದು ಮಾಡಲ್ಲ ಸಾರ್. ನಿಮ್ಮ ಕೈಯ ನಡುಕಾನೂ ಅಷ್ಟೇ ಪಟ್ಟು ದೊಡ್ಡದು ಮಾಡುತ್ತೆ. ಹತ್ತಿರದಲ್ಲಿ ಕೂದಲೆಳೆಯಷ್ಟು ಅಲುಗಿದ್ರೆ ಅಲ್ಲಿ ಮೇಲೆ ಆಳುದ್ದ ಅಲುಗಿದ ಹಾಗೆ.' ಇದನ್ನು ಹೇಳುವಾಗ ಆಕೆ ಯಾರದೋ ಫೋಟೋದ ಹಿಂದೆ ಅಂಟು ಹಚ್ಚುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತವನು ಎದ್ದುನಿಂತೆ.

ಆಮೇಲೆ ಪಾಠ. ಜೂಮ್ ಪಟ್ಟಿಯ ನಡುವೆ ಒಂದು ಗೆರೆ ಇದೆ. ಗೆರೆಯ ತನಕ ಗಾಜು ಕೆಲಸ ಮಾಡುತ್ತದೆ, ಗೆರೆ ದಾಟಿದರೆ ಕ್ಯಾಮೆರಾ ಇದ್ದದ್ದನ್ನೇ ಹಿಗ್ಗಿಸಿ ಬಣ್ಣ ಕಲಸುತ್ತದೆ; ದಾಟಲೇಬಾರದು. ಮೂತಿ ಮುಂದೆ ಬಂದಷ್ಟೂ ಒಳಗೆ ಹೋಗುವ ಬೆಳಕು ಕಡಿಮೆ. ಬೆಳಕು ಸಾಲದಿದ್ದರೆ ಅದು ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ, ಅಷ್ಟರಲ್ಲಿ ನಾವು ಅಲುಗಿರುತ್ತೇವೆ. ಹಾಗಾಗಿ ಸಂಜೆ ಬೇಡ, ಬಿಸಿಲಲ್ಲಿ ಹೋಗಿ, ಸೂರ್ಯ ನಿಮ್ಮ ಬೆನ್ನಿಗಿರಲಿ ಎಂದಳು. ಎರಡೂ ಕೈಯಲ್ಲಿ ಹಿಡಿ, ಮೊಣಕೈ ಪಕ್ಕೆಗೆ ಒತ್ತು, ಗೋಡೆಗೆ ಒರಗು. ಗುಂಡಿಯನ್ನು ಅರ್ಧ ಒತ್ತಿ ಹಸಿರು ಚೌಕ ಬರುವ ತನಕ ಕಾದು, ಉಸಿರು ಬಿಟ್ಟು, ಆಮೇಲೆ ಉಳಿದರ್ಧ. 'ಕುಕ್ಕಬೇಡಿ ಸಾರ್, ಮಲಗಿರೋ ಮಗುವಿನ ಕೆನ್ನೆ ಮುಟ್ಟೋ ಹಾಗೆ' ಎಂದಳು. ಮತ್ತೆ, ಆದಷ್ಟು ಹತ್ತಿರ ಹೋಗಿ, ಕಾಲಿಗಿಂತ ಒಳ್ಳೇ ಜೂಮು ಇಲ್ಲ ಎಂದಳು. ಈ ಕೊನೆಯ ಮಾತೇ ನನ್ನನ್ನು ಕೆಡಿಸಿದ್ದು.

ಎರಡನೇ ಅಂಕ! ಗುರುವಾರ ಸೈಟಿಗೇ ಹೋದೆ. ಇಂಜಿನಿಯರನಿಗೆ ನಾನು ಕ್ರೇನಮ್ಮನ ಮಾವ ಎಂದೆ. ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೆಯೇ. ತಲೆಗೆ ಹೆಲ್ಮೆಟ್, ಮೈಗೆ ಹೊಳೆಯುವ ಕಿತ್ತಳೆ ಅಂಗಿ ತೊಡಿಸಿ, ಒಂದು ಕಂಬದ ಪಕ್ಕ ನಿಲ್ಲಿಸಿ, ಇಲ್ಲಿಂದ ಕದಲಬೇಡಿ ಎಂದರು. ತಲೆಯೆತ್ತಿದೆ. ಅಯ್ಯೋ ಮಗನೇ, ಬಾಲ್ಕನಿಯಿಂದ ಆಟಿಕೆ ಅನ್ನಿಸಿದ್ದು ಬುಡದಲ್ಲಿ ನಿಂತಾಗ ಏನಾಯಿತು ಬಲ್ಲೆಯಾ? ಕಬ್ಬಿಣದ ಜಾಲರಿ ನೆಟ್ಟಗೆ ಎದ್ದು ಎದ್ದು ಎದ್ದು ಕೊನೆಗೆ ನೋಟವೇ ಸೋತು ನಿಂತಿತು. ಒಳಗೆ ಇನ್ನೂರು ಮೆಟ್ಟಿಲ ಏಣಿ. ಅದನ್ನು ದಿನಾ ಬೆಳಿಗ್ಗೆ ಬೆನ್ನಿಗೆ ನೀರಿನ ಬಾಟಲಿ ಕಟ್ಟಿಕೊಂಡು ಏರುವವಳು ನಮ್ಮ ಮನೆಯಲ್ಲಿ ಮೇಲಿನ ಕಪಾಟಿನ ಡಬ್ಬಿ ತೆಗೆಯಲು ನನ್ನನ್ನು ಕರೆಯುತ್ತಾಳೆ!

ಅಷ್ಟರಲ್ಲಿ ಕಬ್ಬಿಣದ ಕಂಬಿಗಳ ಒಂದು ಕಟ್ಟು, ಎರಡು ಟನ್ನು ಅಂತೆ, ನೆಲ ಬಿಟ್ಟು ಎದ್ದಿತು. ನನ್ನ ತಲೆಯ ಮೇಲಲ್ಲ, ದೂರದಲ್ಲಿ. ಆದರೂ ಅದು ಏರುವ ಚೆಂದಕ್ಕೆ, ಸದ್ದಿಲ್ಲದೆ ತಿರುಗುವ ಗಾಂಭೀರ್ಯಕ್ಕೆ ನನ್ನೊಳಗಿನ ನಟ ತಡೆಯಲಿಲ್ಲ. ಕ್ಯಾಮೆರಾ ಕೊರಳಿಗೆ ಬಿಟ್ಟು, ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿ, ಅಂಗೈ ತೆರೆದು, 'ಆಹಾ!' ಎಂದೆ. ರಾಜಸಭೆಯಲ್ಲಿ ಹೇಗೋ ಹಾಗೆ. ಮಗನೇ, ಇಡೀ ರಂಗವೇ ನಿಂತುಬಿಟ್ಟಿತು! ಕಂಬಿಯ ಕಟ್ಟು ನಡು ಆಕಾಶದಲ್ಲಿ ನಿಂತಿತು. ಗಾರೆ ಕಲಸುವವರು ನಿಂತರು. ಲಾರಿಯವನು ತಲೆ ಹೊರಹಾಕಿದ. ನಲವತ್ತು ವರ್ಷದಲ್ಲಿ ಇಂಥ ನಿಶ್ಶಬ್ದ ನನ್ನ ಯಾವ ಪಾತ್ರಕ್ಕೂ ಸಿಕ್ಕಿರಲಿಲ್ಲ. ಒಂದು ಕ್ಷಣ ಎದೆಯುಬ್ಬಿತು, ಸುಳ್ಳೇಕೆ ಹೇಳಲಿ.

ಕ್ರೇನಿಗೆ ಕೆಳಗಿನಿಂದ ಕೈಸನ್ನೆ ಮಾಡುವ ಒಬ್ಬ ಮನುಷ್ಯ ಇದ್ದಾನೆ, ಮಾತು ಬಲು ಕಡಿಮೆ, ಎಲ್ಲರೂ ಮೌನಿ ಎಂದೇ ಕರೆಯುತ್ತಾರೆ. ಅವನು ನಿಧಾನಕ್ಕೆ ನಡೆದು ಬಂದು ನನ್ನ ಎರಡೂ ತೋಳುಗಳನ್ನು, ಒಣಗಿದ ಬಟ್ಟೆ ಮಡಚುವ ಹಾಗೆ, ಇಳಿಸಿದ. 'ಯಜಮಾನ್ರೇ, ಇಲ್ಲಿ ಕೈ ಅಂದ್ರೆ ಮಾತು. ತೋಳು ಹಿಂಗೆ ಚಾಚಿದ್ರೆ "ನಿಲ್ಸು, ಅಪಾಯ" ಅಂತ. ಯಾರು ಚಾಚಿದ್ರೂ ಮೇಲಿರೋರು ನಿಲ್ಲಿಸ್ಲೇಬೇಕು. ಕಾರಣ ಆಮೇಲೆ' ಎಂದ. ಅವನ ಎದೆಯ ವಾಕಿಟಾಕಿಯಲ್ಲಿ ನಿನ್ನ ಹೆಂಡತಿಯ ದನಿ: 'ಯಾರದು? ಏನಾಯ್ತು?' 'ಏನೂ ಆಗಿಲ್ಲ, ನಿಮ್ಮ ಮಾವ' ಎಂದ ಮೌನಿ. ಆಮೇಲೆ ಮೇಲಿನಿಂದ ಅಪ್ಪಣೆಯಾಯಿತು: 'ಅವರನ್ನ ಎಲ್ಲಾದ್ರೂ ಕೂರಿಸಿ. ಎರಡೂ ಕೈಗೆ ಏನಾದ್ರೂ ಹಿಡಿಯೋಕೆ ಕೊಡಿ.' ಲಾರಿಯವನು ನಕ್ಕ ನಗೆ ಇನ್ನೂ ಕಿವಿಯಲ್ಲಿದೆ.

ನಗು ಇರಲಿ. ನಾನು ನಿನಗೆ ಹೇಳಬೇಕಾದದ್ದು ಬೇರೆ. ಮೌನಿ ನನ್ನನ್ನು ಗೇಟಿನ ತನಕ ಬಿಡಲು ಬಂದವನು ಮೇಲೆ ನೋಡಿ, 'ಕಟ್ಟು ನೋಡಿ' ಎಂದ. ನೋಡಿದೆ. ನಿಂತಿದೆ. 'ಅಲುಗ್ತಾ ಇದ್ಯಾ?' ಇಲ್ಲ ಎಂದೆ. 'ಹೋಗ್ತಾ ಇರೋ ಭಾರನ ತಟ್ಟನೆ ನಿಲ್ಸಿದ್ರೆ ಅದು ಗಡಿಯಾರದ ಲೋಲಕದ ಹಾಗೆ ಬೀಸುತ್ತೆ. ಬೇರೆಯವರಾಗಿದ್ರೆ ಹತ್ತು ಸಲ ಬೀಸ್ತಿತ್ತು. ನಿಮ್ಮ ಸೊಸೆ, ಅದು ಎತ್ತ ಬೀಸುತ್ತೋ ಅತ್ತಲೇ ಕೊಕ್ಕೆನ ಒಂಚೂರು ಒಯ್ದು ಹಿಡಿದುಬಿಟ್ರು. ಒಂದೇ ಸಲ. ಹನ್ನೆರಡು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು, ಹಿಂಗೆ ನಿಂತ ಕಟ್ಟು ಕಂಡಿಲ್ಲ.' ಮಾತಾಡದ ಮನುಷ್ಯ ಇಷ್ಟು ಮಾತಾಡಿದ. ನಾನು ಎರಡೂ ಕೈ ಕೆಳಗಿಟ್ಟುಕೊಂಡೇ ಅವನಿಗೆ ತಲೆ ಬಾಗಿದೆ. ನಿನ್ನ ಅಪ್ಪ ಕೈಯಾಡಿಸದೆ ತಲೆ ಬಾಗಿದ ಎಂಬುದನ್ನು ಮತ್ತೊಮ್ಮೆ ಓದಿಕೋ.

ಸೈಟಿನೊಳಗೆ ಇನ್ನು ನನಗೆ ಪ್ರವೇಶವಿಲ್ಲ, ನ್ಯಾಯವೇ. ಉಳಿದದ್ದು ಎದುರು ಬೀದಿಯ ಕಾರು ನಿಲ್ಲಿಸುವ ಐದು ಮಹಡಿ ಕಟ್ಟಡದ ತಾರಸಿ. ಶುಕ್ರವಾರ ಮಂಡಿಯನ್ನು ಬೈದುಕೊಂಡು ಹತ್ತಿದರೆ ಗಾಳಿ! ಕೆಲಸ ನಿಂತು ಅವಳೂ ಇಳಿದಿದ್ದಳು. ಗಾಳಿ ಜೋರಾದಾಗ ಕ್ರೇನಿನ ಆ ಉದ್ದ ತೋಳನ್ನು ಬಿಗಿದು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಇಲ್ಲವಂತೆ, ತಿರುಗದಂತೆ ತಡೆಯುವ ಬ್ರೇಕನ್ನು ಸಡಿಲಬಿಟ್ಟು ಗಾಳಿ ಹೇಳಿದತ್ತ ತಿರುಗಲು ಬಿಟ್ಟುಬಿಡುತ್ತಾರಂತೆ. ಆ ಹೊತ್ತು ಅಷ್ಟು ದೊಡ್ಡ ಕಬ್ಬಿಣ ಒಬ್ಬಂಟಿಯಾಗಿ ಆಕಾಶದಲ್ಲಿ ಮೆಲ್ಲಗೆ ಮುಖ ತಿರುಗಿಸುತ್ತಿತ್ತು. ಒಂದು ದಿನ ಹಾಳಾಯಿತೆಂಬ ಕೊರಗಿನ ನಡುವೆಯೂ ನಾನು ಟೋಪಿ ತೆಗೆದು ನಿಂತು ನೋಡಿದೆ.

ಉಳಿದದ್ದು ನಿನ್ನೆ ಶನಿವಾರ ಒಂದೇ ದಿನ. ನಿನ್ನ ಅಮ್ಮ, ನಾನೂ ಬರ್ತೀನಿ, ನಿಮ್ಮನ್ನ ಒಬ್ಬರನ್ನೇ ಬಿಟ್ಟರೆ ಈ ಸಲ ವಿಮಾನ ನಿಲ್ಲಿಸ್ತೀರಿ ಎಂದು ಮಡಚುವ ಕುರ್ಚಿ, ಬಟ್ಟೆಚೀಲ ಹಿಡಿದು ಹೊರಟಳು. ಹನ್ನೊಂದು ಗಂಟೆ. ಬಿಸಿಲು ನಮ್ಮ ಬೆನ್ನಿಗೆ, ಕ್ಯಾಬಿನ್ನಿನ ಗಾಜಿಗೆ ನೇರವಾಗಿ. ಜೂಮನ್ನು ಗೆರೆಯ ತನಕ ಮಾತ್ರ ಒಯ್ದೆ. ಮೊಣಕೈ ಪಕ್ಕೆಗೆ, ಬೆನ್ನು ಗೋಡೆಗೆ. ಹಸಿರು ಚೌಕ ಮೂಡಿತು. ಉಸಿರು ಬಿಟ್ಟೆ. ಒತ್ತಿದೆ. ಮಸುಕು. ಮತ್ತೆ. ಮಸುಕು. ಒಂದರಲ್ಲಿ ಕ್ರೇನಿನ ಜಾಲರಿ ಸ್ಪಷ್ಟ, ಮುಖ ಇಲ್ಲ. ಇಪ್ಪತ್ತೆರಡು ಚಿತ್ರ ಹಾಗೆಯೇ ಹೋದವು. ಕೆಂಪು ಕೈ ನಡುಗುತ್ತಲೇ ಇತ್ತು. ಆಗ ನಿನ್ನ ಅಮ್ಮ, ಪರದೆಯ ಹಿಂದಿನಿಂದ ಮಾತು ಎತ್ತಿಕೊಡುತ್ತಿದ್ದಳಲ್ಲ, ಅದೇ ಪಿಸುದನಿಯಲ್ಲಿ ಅಂದಳು: 'ವಯಸ್ಸಾಯ್ತು ಕಣ್ರೀ. ಕೈ ನಡುಗುತ್ತೆ. ನನಗೆ ಗೊತ್ತಾಗಿ ಒಂದು ವರ್ಷ ಆಯ್ತು, ಲೋಟದಲ್ಲಿ. ಈಗ ನಿಮಗೂ ಗೊತ್ತಾಯ್ತು, ಅಷ್ಟೆ.' ಇದನ್ನು ನಿನಗೆ ಹೇಳಿ ಹೆದರಿಸಲು ಬರೆಯುತ್ತಿಲ್ಲ, ಡಾಕ್ಟರಿಗೆ ತೋರಿಸಿದ್ದೂ ಆಗಿದೆ, ವಯಸ್ಸಿನದೇ ಎಂದಿದ್ದಾರಂತೆ. ನನ್ನನ್ನು ಕಣ್ಣಿನ ಪರೀಕ್ಷೆಗೆಂದು ಹೇಳಿ ಕರೆದುಕೊಂಡು ಹೋಗಿದ್ದಳು, ಪಾಕಡಾ ಹೆಂಗಸು!

ಅವಳೇ ಬಟ್ಟೆಚೀಲವನ್ನು ಮುದ್ದೆ ಮಾಡಿ ತಾರಸಿಯ ಮೋಟುಗೋಡೆಯ ಮೇಲೆ ಇಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿದಳು. ಕ್ಯಾಮೆರಾದಲ್ಲೊಂದು ಗಡಿಯಾರದ ಗುರುತಿದೆಯಲ್ಲ, ಸ್ಟುಡಿಯೋದವಳು ಕೊನೆಗೆ ತೋರಿಸಿದ್ದು, ಎರಡು ಸೆಕೆಂಡಿನದು. ಗುಂಡಿ ಒತ್ತಿ ಕೈ ತೆಗೆದುಬಿಟ್ಟರೆ, ನಾವು ಒತ್ತಿದ ಅಲುಗಾಟ ಅಡಗಿದ ಮೇಲೆ ಅದಾಗಿಯೇ ತೆಗೆಯುತ್ತದೆ. ನನಗೆ ಇದು ಮಹಾಸಂಕಟ. ಎದುರಿಗೆ ದೃಶ್ಯ ನಡೆಯುವಾಗ ನಾನು ಎರಡು ಸೆಕೆಂಡು ಸುಮ್ಮನಿರಬೇಕು! ಅರ್ಧ ಒತ್ತಿದೆ. ಚೌಕ ಹಸಿರಾಯಿತು. ಪೂರ್ತಿ ಒತ್ತಿದೆ. ಕೈ ಬೆನ್ನ ಹಿಂದೆ ಕಟ್ಟಿದೆ. ಒಂದು. ಎರಡು.

ಮಗನೇ, ಮುಖ ಬಂತು!

ಪರದೆಯಲ್ಲಿ ಹಿಗ್ಗಿಸಿ ನೋಡಿದೆವು, ಇಬ್ಬರೂ ತಲೆಗೆ ತಲೆ ತಾಗಿಸಿ, ಬಿಸಿಲಿಗೆ ನನ್ನ ಟೋಪಿ ಅಡ್ಡ ಹಿಡಿದು. ಈ ಲಕೋಟೆಯಲ್ಲಿರುವುದು ಅದೇ. ಕಣ್ಣು ತುಂಬ ನೋಡು. ಮುಂದಕ್ಕೆ ಬಾಗಿ ಗಾಜಿನಿಂದ ಕೆಳಗೆ ನೋಡುತ್ತಿದ್ದಾಳೆ. ಕಿವಿಯ ಹತ್ತಿರ ಒಂದು ಎಳೆ ಕೂದಲು ಜಾರಿದೆ, ಅದೂ ಕಾಣುತ್ತದೆ. ಬಲಗೈ ಕ್ರೇನು ನಡೆಸುವ ಹಿಡಿಕೆಯ ಮೇಲಿದೆ. ಕೈಯಲ್ಲ, ಎರಡೇ ಬೆರಳು. ಎರಡು ಟನ್ನು ಕಬ್ಬಿಣ ಎರಡು ಬೆರಳಿನಲ್ಲಿ! ಆದರೆ ನನ್ನನ್ನು ಬೆರಗುಗೊಳಿಸಿದ್ದು ಅದಲ್ಲ. ಆ ಮುಖದಲ್ಲಿ ಆತುರವಿಲ್ಲ. ಮನೆಯಲ್ಲಿ ನಾವು ಕಂಡ ನಿನ್ನ ಹೆಂಡತಿಗೆ ಯಾವಾಗಲೂ ಆತುರ, ಒಲೆ, ಬಸ್ಸು, ನಮ್ಮ ಮಾತ್ರೆ, ನಿನ್ನ ಫೋನು. ಅಲ್ಲಿ ಮೇಲೆ, ಗಾಳಿಯ ನಡುವೆ, ಅವಳಿಗೆ ಜಗತ್ತಿನ ಹೊತ್ತೆಲ್ಲ ತನ್ನದೇ ಎಂಬಂತಿದೆ. ಇಂಥ ಮುಖವನ್ನು ನಾನು ಬಣ್ಣ ಹಚ್ಚಿ, ಕಿರೀಟ ಇಟ್ಟು, ದೀಪ ಹಾಕಿಸಿಕೊಂಡು ನಲವತ್ತು ವರ್ಷ ಹುಡುಕಿದೆ, ಒಂದು ರಾತ್ರಿಯೂ ಸಿಗಲಿಲ್ಲ. ನಿನ್ನ ಅಮ್ಮ ಬಹಳ ಹೊತ್ತು ನೋಡಿ, 'ಇವಳಿಗೆ ಯಾರೂ ಮಾತು ಎತ್ತಿಕೊಡೋದು ಬೇಡ' ಎಂದು ಕುರ್ಚಿ ಮಡಚಿದಳು.

ಸಂಜೆ ಸ್ಟುಡಿಯೋದಲ್ಲಿ ಅಚ್ಚು ಹಾಕಿಸಿ ತಂದು ಅವಳಿಗೆ ತೋರಿಸಿದೆವು. ಕೈ ಒರೆಸಿಕೊಂಡು ತೆಗೆದುಕೊಂಡಳು. 'ನಾನು ಹೀಗೆ ಕಾಣ್ತೀನಾ?' ಎಂದಳು. ಆಮೇಲೆ, 'ಕಳ್ಸಿ' ಎಂದಳು. ಅಷ್ಟೆ. ಇವತ್ತು ಅವಳಿಗೆ ರಜೆ, ಇನ್ನೂ ಮಲಗಿದ್ದಾಳೆ, ಎಬ್ಬಿಸಬೇಡಿ ಎಂದು ನಿನ್ನ ಅಮ್ಮ ನನ್ನ ಪೆನ್ನಿನ ಸದ್ದಿಗೂ ಕಣ್ಣು ಬಿಡುತ್ತಿದ್ದಾಳೆ. ನಿನ್ನ ಜೊತೆಯವರಿಗೆಲ್ಲ ನಮ್ಮ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟ ನೋಡಿಕೋ, ಕಡಲು ನಿನ್ನನ್ನು ಮೆಲ್ಲಗೆ ತೂಗಲಿ, ನೂರು ಕಾಲ ಬಾಳು ಕಂದಾ ಎಂದು ಇಬ್ಬರೂ ಹರಸುತ್ತೇವೆ.

ಇಂತು ನಿನ್ನ,
ನಡುಗುವ ಕೈಯ, ನಡುಗದ ದನಿಯ
ಅಪ್ಪ

ಮರೆತಿದ್ದೆ. ಅಲ್ಲ, ಮರೆತಿರಲಿಲ್ಲ, ಧೈರ್ಯ ಸಾಲದೆ ಇಲ್ಲಿಯ ತನಕ ತಳ್ಳಿಕೊಂಡು ಬಂದೆ. ನಿನ್ನ ಎರಡನೆಯ ಕೆಲಸ ನಾನು ಮಾಡಿಲ್ಲ. ಕೆಳಗಿಳಿ ಎಂದು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನಗೆ ಕೊಟ್ಟ ಮಾತು ತಪ್ಪಿದ್ದು ಇದೇ ಮೊದಲು, ಕೋಪ ಬಂದರೆ ನನ್ನ ಮೇಲಿರಲಿ. ಹೇಳಲೇಬೇಕೆನಿಸಿದರೆ ಇಪ್ಪತ್ತೆರಡಕ್ಕೆ ಬಂದರಿನಿಂದ ಫೋನ್ ಮಾಡಿ ನೀನೇ ಹೇಳು, ಫೋಟೋ ಕೈಯಲ್ಲಿ ಹಿಡಿದುಕೊಂಡು ಹೇಳು. ಆದರೆ ಸಂಜೆ ಐದೂವರೆಗೆ, ಅವಳು ಕ್ರೇನಿನಿಂದ ಇಳಿಯುವುದಕ್ಕೆ, ಮುಂಚೆ ಮಾತ್ರ ಮಾಡಬೇಡ, ಸೈಟಿಗಂತೂ ಬೇಡವೇ ಬೇಡ. ನೀನು ಕಾಯುತ್ತಿದ್ದೀಯೆಂದು ಗೊತ್ತಾದರೆ ಅವಳು ಆ ಏಣಿಯನ್ನು ಬೇಗ ಬೇಗ ಇಳಿಯುತ್ತಾಳೆ. ನನಗಿರುವ ಭಯ ಅದೊಂದೇ.